ದಿನಾ ಬರೆದು ಪೋಸ್ಟ್ ಮಾಡೋರಿಗೆ ಅಬ್ಸಿಡಿಯನ್ ಆಪ್ ಹೇಗಿದೆ: ಬಳಸಿದ ಮೇಲಿನ ಅನಿಸಿಕೆ

ಫೇಸ್‌ಬುಕ್ಕಲ್ಲೋ ಇನ್‌ಸ್ಟಾದಲ್ಲೋ ದಿನಾ ನಾಕು ಸಾಲು ಬರೆದು ಹಾಕೋ ಕನ್ನಡದೋರು ತುಂಬಾ ಜನ ಇದ್ದಾರೆ, ನಾನೂ ಅದರಲ್ಲಿ ಒಬ್ಬ. ನನಗೆ ಗೊತ್ತಿರೋರಲ್ಲಿ ಹೆಚ್ಚಿನೋರು ಪೋಸ್ಟ್ ಹಾಕೋ ಜಾಗದಲ್ಲೇ ನೇರವಾಗಿ ಟೈಪ್ ಮಾಡ್ತಾರೆ. ಒಂದಷ್ಟು ತಿಂಗಳು ಚೆನ್ನಾಗಿ ನಡೆಯತ್ತೆ, ಆಮೇಲೆ ಯಾವಾಗ್ಲೋ ನಿಂತು ಹೋಗತ್ತೆ, ನಿಂತಿದ್ದು ಯಾಕೆ ಅಂತ ಕೇಳಿದ್ರೆ "ಟೈಮೇ ಸಿಗ್ತಿಲ್ಲ ಮಾರಾಯ್ರೇ" ಅಂತಾರೆ. ನನ್ನ ಅನಿಸಿಕೆ ಬೇರೆ. ಬರೆಯೋ ಜಾಗ ಮತ್ತೆ ಹಾಕೋ ಜಾಗ ಎರಡೂ ಒಂದೇ ಆಗಿದ್ರೆ ದಿನಾ ಬರೆಯೋದು ಬಹಳ ದಿನ ನಿಲ್ಲಲ್ಲ. ಇವೆರಡನ್ನೂ ಬೇರೆ ಬೇರೆ ಮಾಡೋಕೆ ನಾನು ಬಳಸ್ತಿರೋದು ಅಬ್ಸಿಡಿಯನ್ ಅನ್ನೋ ನೋಟ್ಸ್ ಬರೆದಿಡೋ ಆಪ್, ಅದರ ಬಗ್ಗೆ ಕನ್ನಡದಲ್ಲಿ ಬರೆಯೋರ ಕಣ್ಣಿಂದ ನೋಡಿ ಒಂದು ರಿವ್ಯೂ ಬರೀಬೇಕು ಅಂತ ಬಹಳ ದಿನದಿಂದ ಇತ್ತು. ಯಾಕಂದ್ರೆ ಯೂಟ್ಯೂಬ್‌ನಲ್ಲಿ ಇದರ ಬಗ್ಗೆ ನಾನು ನೋಡಿದ್ದೆಲ್ಲಾ ಇಂಗ್ಲಿಷಲ್ಲಿ ನೋಟ್ಸ್ ಮಾಡ್ಕೊಳ್ಳೋ ಸಾಫ್ಟ್‌ವೇರ್‌ನೋರಿಗೆ ಅಂತ ಮಾಡಿದ್ದು, ಅಡಿಕೆ ತೋಟದ ಪಕ್ಕ ಕೂತು ಕನ್ನಡದಲ್ಲಿ ಬರೆಯೋರಿಗೆ ಅದರಲ್ಲಿ ಅರ್ಧಕ್ಕರ್ಧ ಬೇಕೇ ಆಗಲ್ಲ.

ಮೊದಲೇ ಹೇಳಿಬಿಡ್ತೀನಿ, ಐದಕ್ಕೆ ನಾಕೂವರೆ ಕೊಡ್ತೀನಿ. ಅರ್ಧ ಯಾಕೆ ಕಮ್ಮಿ ಅಂತ ಕೆಳಗೆ ಬರತ್ತೆ.

ಪೋಸ್ಟ್ ಮಾಡೋ ಜಾಗದಲ್ಲೇ ಬರೆದ್ರೆ ಏನಾಗತ್ತೆ ಅಂದ್ರೆ, ಮೊದಲ ಸಾಲು ಟೈಪ್ ಮಾಡೋವಾಗಲೇ ಓದೋರು ಕಣ್ಣೆದುರು ಬಂದು ಕೂರ್ತಾರೆ. ಇದನ್ನ ಓದಿ ಯಾರು ಏನಂತಾರೆ, ನೆಂಟರು ತಪ್ಪು ತಿಳ್ಕೊಳ್ತಾರಾ, ಇದಕ್ಕೆ ಲೈಕ್ ಬರತ್ತಾ ಅಂತೆಲ್ಲಾ. ಅರ್ಧ ಬೆಳೆದ ಯೋಚನೆಗೆ ಅಲ್ಲಿ ಜಾಗನೇ ಇಲ್ಲ, ಒಂದೋ ಮುಗಿಸಿ ಹಾಕಬೇಕು ಇಲ್ಲಾ ಅಳಿಸಬೇಕು. ಇವತ್ತು ಹಾಕೋವಂಥದ್ದು ಏನೂ ಇಲ್ಲ ಅಂದ್ರೆ ಇವತ್ತು ಬರೆಯೋದೇ ಇಲ್ಲ, ಹಾಗೆ ಒಂದು ವಾರ ಹಾಕೋವಂಥದ್ದು ಏನೂ ಹೊಳೀಲಿಲ್ಲ ಅಂದ್ರೆ ಒಂದು ವಾರ ಬರವಣಿಗೆ ಬಂದ್. ದಿನಾ ಬರೆಯೋದು ಒಂದು ಕೆಲಸ, ದಿನಾ ಪೋಸ್ಟ್ ಹಾಕೋದು ಇನ್ನೊಂದು ಕೆಲಸ, ಮೊದಲನೇದು ದಿನಾ ನಡೀತಾ ಇದ್ರೆ ಎರಡನೇದಕ್ಕೆ ಸಾಮಾನು ತಾನಾಗೇ ಸೇರತ್ತೆ. ಎಲ್ಲಾ ಬರಹಾನೂ ಊರಿಗೆ ತೋರಿಸಬೇಕು ಅಂತಿಲ್ವಲ್ಲ.

ಈಗ ಆಪ್‌ಗೆ ಬರ್ತೀನಿ. ಅಬ್ಸಿಡಿಯನ್ 2020ರಲ್ಲಿ ಶುರುವಾಗಿದ್ದು, ಶಿಡಾ ಲಿ ಮತ್ತೆ ಎರಿಕಾ ಶು ಅನ್ನೋ ಇಬ್ಬರು ಸೇರಿ ಮಾಡಿದ್ದು. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲದಕ್ಕೂ ಇದೆ. ದುಡ್ಡು ಕೊಡೋ ಹಾಗಿಲ್ಲ, ಫ್ರೀ, ಮೊದಲು ಆಫೀಸು ಕೆಲಸಕ್ಕೆ ಬಳಸೋರು ಲೈಸೆನ್ಸ್ ತಗೋಬೇಕು ಅಂತ ಇತ್ತು, 2025ರಿಂದ ಅದೂ ಕಡ್ಡಾಯ ಇಲ್ಲ. ಲಾಗಿನ್ ಕೂಡಾ ಕೇಳಲ್ಲ, ಫೋನ್ ನಂಬರ್ ಕೊಡಿ ಇಮೇಲ್ ಕೊಡಿ ಅನ್ನಲ್ಲ. ಇನ್‌ಸ್ಟಾಲ್ ಮಾಡಿ ಒಂದು ಫೋಲ್ಡರ್ ತೋರಿಸಿದ್ರೆ ಮುಗೀತು. ಆ ಫೋಲ್ಡರನ್ನ ಅವರು ವಾಲ್ಟ್ ಅಂತಾರೆ, ನಾವು ಫೋಲ್ಡರ್ ಅಂತಲೇ ಅನ್ಕೋಬಹುದು. ನೀವು ಬರೆಯೋ ಒಂದೊಂದು ನೋಟೂ ಆ ಫೋಲ್ಡರೊಳಗೆ ಒಂದೊಂದು ಸಾದಾ ಟೆಕ್ಸ್ಟ್ ಫೈಲ್, ಹೆಸರಿನ ಕೊನೆಗೆ ಡಾಟ್ ಎಂಡಿ ಅಂತ ಇರತ್ತೆ ಅಷ್ಟೆ, ನೋಟ್‌ಪ್ಯಾಡ್‌ನಲ್ಲಿ ತೆರೆದ್ರೂ ತೆರೆಯತ್ತೆ. ಇದು ಯಾಕೆ ಮುಖ್ಯ ಅಂತ ಆಮೇಲೆ ಹೇಳ್ತೀನಿ, ಕನ್ನಡದೋರಿಗಂತೂ ಬಹಳ ಮುಖ್ಯ.

ದಿನಾ ಬರೆಯೋರಿಗೆ ಇದರಲ್ಲಿ ಬೇಕಾಗಿರೋದು ಡೈಲಿ ನೋಟ್ಸ್ ಅನ್ನೋ ಒಂದೇ ಒಂದು ಸೌಕರ್ಯ, ಅದು ಆಪ್ ಜೊತೆಗೇ ಬರತ್ತೆ, ಬೇರೆ ಹಾಕ್ಕೊಳ್ಳೋದು ಬೇಡ. ಒಂದು ಬಟನ್ ಒತ್ತಿದ್ರೆ ಇವತ್ತಿನ ತಾರೀಖಿನ ಹೆಸರಲ್ಲಿ, ಅಂದ್ರೆ 2025-06-22 ಅನ್ನೋ ಥರ, ಒಂದು ಫೈಲ್ ತೆರೆಯತ್ತೆ, ಇವತ್ತು ಆಗ್ಲೇ ಏನಾದ್ರೂ ಬರೆದಿದ್ರೆ ಅದೇ ಫೈಲ್ ತೆರೆಯತ್ತೆ. ಆಪ್ ತೆರೆದ ಕೂಡ್ಲೇ ಇವತ್ತಿನ ನೋಟೇ ಬರೋ ಹಾಗೂ ಸೆಟ್ ಮಾಡ್ಕೋಬಹುದು, ದಯವಿಟ್ಟು ಮಾಡ್ಕೊಳ್ಳಿ. ಯಾಕಂದ್ರೆ ಹೊಸ ನೋಟಿಗೆ ಏನು ಹೆಸರಿಡೋದು, ಎಲ್ಲಿ ಸೇವ್ ಮಾಡೋದು ಅಂತ ಯೋಚನೆ ಮಾಡೋ ಆ ಒಂದು ನಿಮಿಷ ಇದೆಯಲ್ಲ, ಬರೆಯೋ ಮನಸ್ಸು ಕೈ ಬಿಡೋದು ಅಲ್ಲೇ. ಇಲ್ಲಿ ಹೆಸರು ತಾರೀಖೇ ಕೊಟ್ಟುಬಿಡತ್ತೆ. ಸೇವ್ ಬಟನ್ನೂ ಇಲ್ಲ, ಬರೀತಾ ಇದ್ದ ಹಾಗೆ ಸೇವ್ ಆಗ್ತಾ ಹೋಗತ್ತೆ.

ಟೆಂಪ್ಲೇಟ್ ಅಂತನೂ ಒಂದಿದೆ, ಹೊಸ ದಿನದ ನೋಟ್ ತೆರೆದಾಗ ಅದರೊಳಗೆ ಮೊದಲೇ ಏನೇನು ಬರೆದಿರಬೇಕು ಅಂತ ನಾವು ಹೇಳಿಡಬಹುದು. ನಾನು ಮೂರೇ ತಲೆಬರಹ ಇಟ್ಕೊಂಡಿದೀನಿ: ಕಂಡಿದ್ದು, ಕೇಳಿದ್ದು, ಅನ್ಸಿದ್ದು. ಖಾಲಿ ಪೇಜ್ ಕಂಡ್ರೆ ಏನೂ ಹೊಳೆಯಲ್ಲ, ಆದ್ರೆ "ಕೇಳಿದ್ದು" ಅಂತ ಇದ್ರೆ ಬೆಳಿಗ್ಗೆ ಹಾಲಿನ ಡೇರಿ ಹತ್ರ ಯಾರೋ ಹೇಳಿದ ಒಂದು ಮಾತಾದ್ರೂ ನೆನಪಿಗೆ ಬಂದೇ ಬರತ್ತೆ, ಅದನ್ನ ಅವರ ಮಾತಲ್ಲೇ ಬರೆದಿಟ್ಟರೆ ಅವತ್ತಿಗೆ ಸಾಕು. ಕೆಲವರು ಮೂಡ್ ಎಷ್ಟು, ನೀರು ಎಷ್ಟು ಕುಡಿದೆ, ನಿದ್ದೆ ಎಷ್ಟು ಅಂತ ಹದಿನೈದು ಇಪ್ಪತ್ತು ಸಾಲಿನ ಟೆಂಪ್ಲೇಟ್ ಮಾಡ್ತಾರೆ, ಅದು ಫಾರ್ಮ್ ತುಂಬೋ ಕೆಲಸ ಆಗಿಬಿಡತ್ತೆ, ಬೇಡ.

ನೆಟ್ ಇಲ್ದೇ ನಡೆಯೋದು ಇದರ ದೊಡ್ಡ ಗುಣ. ನಾನು ಬರೆಯೋದು ಹೆಚ್ಚಾಗಿ ಬಸ್ಸಲ್ಲಿ, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗೋ ದಾರಿಲಿ. ಮಂಡಗದ್ದೆ ಆಚೀಚೆ ಕಾಡು ದಾರಿ, ಸಿಗ್ನಲ್ ಬರತ್ತೆ ಹೋಗತ್ತೆ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಟವರ್ರೂ ಹೋಯ್ತು ಅಂತಲೇ ಲೆಕ್ಕ. ಫೈಲ್ ಫೋನಲ್ಲೇ ಇರೋದ್ರಿಂದ ಅಬ್ಸಿಡಿಯನ್‌ಗೆ ಇದ್ಯಾವುದೂ ಗೊತ್ತೇ ಆಗಲ್ಲ. ಹಿಂದೆ ಬೇರೆ ಒಂದು ಆಪ್ ಬಳಸ್ತಿದ್ದೆ, ಅದರಲ್ಲಿ ಸಿಗ್ನಲ್ ಇಲ್ಲದಾಗ ಬರೆದಿದ್ದು ಸಿಗ್ನಲ್ ಬಂದ ಮೇಲೆ ಹಳೇ ಕಾಪಿ ಬಂದು ಅಳಿಸಿ ಹೋಗ್ತಿತ್ತು, ಅದರಿಂದ ಬರೆಯೋ ಉತ್ಸಾಹಕ್ಕೆ ಆಗೋ ಪೆಟ್ಟು ಅನುಭವಿಸಿದೋರಿಗೇ ಗೊತ್ತು. ಅಬ್ಸಿಡಿಯನ್‌ನಲ್ಲಿ ಫೈಲ್ ರಿಕವರಿ ಅಂತ ಒಂದಿದೆ, ಮಾಮೂಲಿ ಸೆಟ್ಟಿಂಗ್‌ನಲ್ಲಿ 5 ನಿಮಿಷಕ್ಕೊಂದು ಸಲ ನೋಟಿನ ಹಳೇ ರೂಪ ಎತ್ತಿಟ್ಕೊಳ್ಳತ್ತೆ, 7 ದಿನ ಇಟ್ಕೊಂಡಿರತ್ತೆ. ಯಾವುದೋ ಪ್ಯಾರಾ ಅಳಿಸಿ ಮಾರನೇ ದಿನ ಬೇಕು ಅನ್ಸಿದ್ರೆ ಅಲ್ಲಿ ಹುಡುಕಿ ತಗೋಬಹುದು.

ಕನ್ನಡಕ್ಕೆ ಹೇಗೆ ಅಂತ ಕೇಳ್ತೀರಿ, ಅದನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಟೈಪಿಂಗಿಗೆ ಆಪ್‌ದೇ ಅಂತ ಏನೂ ಇಲ್ಲ, ಫೋನಲ್ಲಿ ನೀವು ಯಾವ ಕೀಬೋರ್ಡ್ ಬಳಸ್ತೀರೋ ಅದೇ, ಜಿಬೋರ್ಡ್ ಆದ್ರೆ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕನ್ನಡ ಮಾಡ್ಕೊಳ್ಳೋದು, ಮಾತಾಡಿ ಬರೆಸೋದು, ಬೆರಳಲ್ಲಿ ಗೀಚೋದು ಎಲ್ಲಾ ಇಲ್ಲೂ ನಡೆಯತ್ತೆ. ಲ್ಯಾಪ್‌ಟಾಪಲ್ಲಿ ವಿಂಡೋಸ್ ಇದ್ರೆ 2019ರಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಅದರಲ್ಲೇ ಇದೆ, ಸೆಟ್ಟಿಂಗ್ಸಲ್ಲಿ ಭಾಷೆ ಸೇರಿಸ್ಕೊಂಡ್ರೆ ಸಾಕು. ಕೆ.ಪಿ. ರಾವ್ ಅವರ ವಿನ್ಯಾಸದ ಲೇಔಟಲ್ಲಿ, ಅಂದ್ರೆ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿರೋದ್ರಲ್ಲಿ, ಕೈ ಪಳಗಿರೋರಿಗೆ ಯೂನಿಕೋಡ್ (ಎಲ್ಲಾ ಕಂಪ್ಯೂಟರಲ್ಲೂ ಓದೋಕೆ ಬರೋ ಅಕ್ಷರ ಪದ್ಧತಿ) ಮೋಡ್‌ನಲ್ಲಿ ಅದೂ ಆಗತ್ತೆ. ಫಾಂಟ್ ಮಾತ್ರ ಒಂದ್ಸಲ ಸರಿ ಮಾಡ್ಕೊಳ್ಳಿ, ಕಂಪ್ಯೂಟರಲ್ಲಿ ಅಪಿಯರೆನ್ಸ್ ಅನ್ನೋ ಕಡೆ ಟೆಕ್ಸ್ಟ್ ಫಾಂಟ್ ಅಂತ ಇದೆ, ಅಲ್ಲಿ ನೋಟೋ ಸೆರಿಫ್ ಕನ್ನಡ ಹಾಕಿದ್ರೆ ಒತ್ತಕ್ಷರ ಎಲ್ಲಾ ಸ್ಪಷ್ಟವಾಗಿ ಕಾಣತ್ತೆ, ಗಂಟೆಗಟ್ಟಲೆ ಓದಿದ್ರೂ ಕಣ್ಣಿಗೆ ಹಿತ. ಕೂತು ಬರೆಯೋ ಜಾಗ ಕಣ್ಣಿಗೆ ಚೆನ್ನಾಗಿದ್ರೆ ನಾಳೇನೂ ಬಂದು ಕೂರೋಣ ಅನ್ಸತ್ತೆ, ಇದನ್ನ ಸಣ್ಣ ವಿಷಯ ಅನ್ಕೋಬೇಡಿ.

ಸರ್ಚ್ ಬಗ್ಗೆ ಒಂದು ಮಾತು, ಇದು ಯಾರೂ ಹೇಳಿಕೊಡಲ್ಲ. ಕನ್ನಡದಲ್ಲಿ ಪದದ ಬಾಲ ಬದಲಾಗ್ತಾ ಇರತ್ತೆ, ಊರು, ಊರಿಗೆ, ಊರಲ್ಲಿ, ಊರಿಂದ. "ಊರು" ಅಂತ ಹುಡುಕಿದ್ರೆ "ಊರಿಗೆ" ಸಿಗಲ್ಲ, ಆದ್ರೆ ಕೊನೇ ಕೊಂಬು ತೆಗೆದು "ಊರ" ಅಂತ ಹುಡುಕಿ, ಎಲ್ಲಾ ಸಿಗತ್ತೆ. ಕಂಪ್ಯೂಟರ್ ಒಳಗೆ "ರ" ಬೇರೆ ಅದರ ಗುಣಿತದ ಚಿಹ್ನೆ ಬೇರೆ ಆಗಿ ಕೂತಿರೋದ್ರಿಂದ ಹೀಗೆ. ಇನ್ನೊಂದು, ಸಾಫ್ಟ್‌ವೇರ್ ಅಂತ ಬರೆಯೋವಾಗ ಟ ಮತ್ತೆ ವ ಕೂಡದೇ ಇರ್ಲಿ ಅಂತ ಮಧ್ಯೆ ಒಂದು ಕಾಣದ ಅಕ್ಷರ ಕೂರತ್ತೆ, ಒಂದು ಕೀಬೋರ್ಡ್ ಅದನ್ನ ಹಾಕತ್ತೆ ಇನ್ನೊಂದು ಹಾಕಲ್ಲ, ಹಾಗಾಗಿ ಅಂಥ ಪದ ಹುಡುಕೋವಾಗ ಮೊದಲ ಎರಡಕ್ಷರ ಮಾತ್ರ ಕೊಡಿ.

ಲಿಂಕ್ ಮಾಡೋದರಲ್ಲೂ ಇದೇ ಥರ. ಯಾವುದಾದ್ರೂ ಪದವನ್ನ [[ಹೀಗೆ]] ಎರಡೆರಡು ಚೌಕ ಬ್ರಾಕೆಟ್ ಒಳಗೆ ಹಾಕಿದ್ರೆ ಆ ಹೆಸರಿನ ನೋಟಿಗೆ ಲಿಂಕ್ ಆಗತ್ತೆ, ನೋಟ್ ಇನ್ನೂ ಇಲ್ಲದಿದ್ರೂ ಪರವಾಗಿಲ್ಲ. ವಿಭಕ್ತಿ ಬಂದಾಗ ಏನು ಮಾಡೋದು? [[ತೀರ್ಥಹಳ್ಳಿ|ತೀರ್ಥಹಳ್ಳಿಯಿಂದ]] ಅಂತ ಮಧ್ಯೆ ಒಂದು ನೆಟ್ಟಗಿನ ಗೀಟು ಹಾಕಿ ಬರೆದ್ರೆ ಲಿಂಕ್ ಹೋಗೋದು ತೀರ್ಥಹಳ್ಳಿ ನೋಟಿಗೆ, ಓದೋಕೆ ಕಾಣೋದು ತೀರ್ಥಹಳ್ಳಿಯಿಂದ ಅಂತ. ಇಂಗ್ಲಿಷಲ್ಲಿ ಬರೆಯೋರಿಗೆ ಇದು ಅಪರೂಪಕ್ಕೆ ಬೇಕಾಗತ್ತೆ, ನಮಗೆ ಸಾಲಿಗೊಂದು ಸಲ ಬೇಕು, ಆದ್ರೆ ಒಂದು ವಾರದಲ್ಲಿ ಕೈಗೆ ಬಂದುಬಿಡತ್ತೆ.

ಈ ಲಿಂಕ್ ಯಾಕೆ ಬೇಕು, ದಿನಚರಿಗೆ ಯಾಕೆ ಇಷ್ಟೆಲ್ಲಾ ಅಂತ ನಿಮಗೆ ಅನ್ಸಬಹುದು. ನನಗೆ ಈ ಆಪ್ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲಿ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೀನಿ. ನಮ್ಮ ಕಡೆ ಮಳೆಗೆ ನಕ್ಷತ್ರದ ಹೆಸರು, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಅಂತ, ಒಂದೊಂದೂ ಹದಿಮೂರು ಹದಿನಾಕು ದಿನ. ಜೂನ್ 21, 22ರ ಹೊತ್ತಿಗೆ ಆರಿದ್ರಾ ಹುಟ್ಟತ್ತೆ. ನಾನು ಮಳೆಗಾಲದಲ್ಲಿ ದಿನದ ನೋಟಲ್ಲಿ ಮಳೆ ಬಗ್ಗೆ ಒಂದು ಸಾಲು ಬರೆದು ಆ ನಕ್ಷತ್ರದ ಹೆಸರಿಗೆ ಲಿಂಕ್ ಹಾಕ್ತೀನಿ ಅಷ್ಟೆ. "[[ಆರಿದ್ರಾ ಮಳೆ]], ರಾತ್ರಿಯಿಡೀ ಹೊಯ್ತು, ಬೆಳಿಗ್ಗೆ ಬಿಡುವು", "ಚಿಕ್ಕಪ್ಪ ಔಷಧಿ ಹೊಡೆಸೋಕೆ ಜನ ಸಿಗ್ಲಿಲ್ಲ ಅಂತ ಬೇಜಾರಲ್ಲಿದ್ರು", "ಗದ್ದೆ ಬದುವಲ್ಲಿ ಅಣಬೆ ಎದ್ದಿದೆ". ಇಂಥ ಸಾಲು ಯಾರಿಗೆ ಬೇಕು, ಪೋಸ್ಟ್ ಹಾಕೋ ಜಾಗದಲ್ಲಿ ಬರೀತಿದ್ರೆ ನಾನೂ ಇದನ್ನ ಬರೀತಿರ್ಲಿಲ್ಲ. ಆದ್ರೆ ಮುಂದಿನ ವರ್ಷ ಆರಿದ್ರಾ ಮಳೆ ಅನ್ನೋ ನೋಟ್ ತೆರೆದ್ರೆ ಬ್ಯಾಕ್‌ಲಿಂಕ್ಸ್ ಅಂತ ಪಕ್ಕದಲ್ಲಿ ಹಿಂದಿನ ಎಲ್ಲಾ ವರ್ಷದ ಆರಿದ್ರಾ ಮಳೆ ಸಾಲುಗಳೂ ತಾರೀಖಿನ ಸಮೇತ ಬಂದು ನಿಲ್ಲತ್ತೆ. ಹೋದ ವರ್ಷ ಇದೇ ಹೊತ್ತಲ್ಲಿ ಮಳೆ ಹೇಗಿತ್ತು, ಅಡಿಕೆಯ ಕೊಳೆರೋಗಕ್ಕೆ ಮೊದಲ ಸಲ ಬೋರ್ಡೋ ಔಷಧಿ ಯಾವಾಗ ಹೊಡೆಸಿದ್ದು, ಯಾರು ಏನಂದಿದ್ರು, ಎಲ್ಲಾ ಒಂದೇ ಕಡೆ.

ಅದನ್ನ ಎದುರಿಗಿಟ್ಕೊಂಡು ಹೋದ ಮಳೆಗಾಲದಲ್ಲಿ ಒಂದು ಪೋಸ್ಟ್ ಬರೆದೆ, ಅಡಿಕೆ ಬೆಳೆಗಾರರು ಮಳೆ ಬಿಡುವು ನೋಡಿ ಔಷಧಿ ಹೊಡೆಸೋ ಆ ಎರಡು ದಿನದ ಧಾವಂತದ ಬಗ್ಗೆ. ಬೋರ್ಡೋ ಮಾಡೋಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ, ಅದು ಎಲ್ಲಾ ಪುಸ್ತಕದಲ್ಲೂ ಸಿಗತ್ತೆ. ಆದ್ರೆ ಮರ ಹತ್ತೋರು ಬಂದ ದಿನವೇ ಮಳೆ ಹಿಡಿದ್ರೆ ಮನೆಯೊಳಗೆ ಏನೇನು ಮಾತು ನಡೆಯತ್ತೆ ಅನ್ನೋದು ಅವತ್ತವತ್ತೇ ಬರೆದಿಟ್ಟಿದ್ರೆ ಮಾತ್ರ ಸಿಗೋದು, ಆಮೇಲೆ ನೆನಪಿಂದ ಬರೆದ್ರೆ ಮಾತಿನ ಧಾಟಿಯೇ ಹೋಗಿಬಿಟ್ಟಿರತ್ತೆ. ಆ ಪೋಸ್ಟ್ ನಾನು ಒಂದು ಸಂಜೆ ಕೂತು ಬರೆದಿದ್ದು ಅಂತ ಓದಿದೋರು ಅನ್ಕೊಂಡ್ರು. ಅದರ ಸಾಮಾನು ಹಿಂದಿನ ಮಳೆಗಾಲಗಳಿಂದ ಸೇರ್ತಾ ಬಂದಿತ್ತು. ದಿನಾ ಬರೆಯೋದರ ಫಲ ಅಂದ್ರೆ ನನಗೆ ಇದು, ದಿನಕ್ಕೊಂದು ಪೋಸ್ಟ್ ಅಲ್ಲ.

ನೀವು ಅಡಿಕೆ ಬೆಳೆಯೋರಲ್ಲ ಅಂದ್ರೆ ನಿಮಗೆ ನಿಮ್ಮದೇ ಹೆಸರುಗಳು ಸಿಗತ್ತೆ. ಮೇಷ್ಟ್ರಿಗೆ ಒಂದೊಂದು ಪಾಠದ ಹೆಸರು, ಬೆಂಗಳೂರಲ್ಲಿ ದಿನಾ ಮೆಟ್ರೋದಲ್ಲಿ ಹೋಗೋರಿಗೆ ಸ್ಟೇಷನ್ ಹೆಸರು, ಅಡುಗೆ ಬಗ್ಗೆ ಬರೆಯೋರಿಗೆ ತರಕಾರಿ ಹೆಸರು. ಯಾವ ನೋಟಿಗೆ ಯಾವುದು ಲಿಂಕ್ ಆಗಿದೆ ಅಂತ ಗ್ರಾಫ್ ವ್ಯೂ ಅನ್ನೋ ಚುಕ್ಕಿ ಗೆರೆಗಳ ಒಂದು ಚಿತ್ರ ತೋರಿಸತ್ತೆ, ನೋಡೋಕೆ ಚೆಂದ, ನನಗೆ ಅದರಿಂದ ಒಂದು ಸಾಲೂ ಬರೆಯೋಕಾಗಿಲ್ಲ.

ಸ್ಟ್ರೀಕ್ ವಿಷಯಕ್ಕೆ ಬರೋಣ. ದಿನಾ ಬರೆಸೋ ಬೇರೆ ಆಪ್‌ಗಳಲ್ಲಿ ಎಷ್ಟು ದಿನ ಬಿಡದೇ ಬರೆದ್ರಿ ಅಂತ ನಂಬರ್ ತೋರಿಸ್ತಾರೆ, ಹಾಜರಿ ಪುಸ್ತಕ ಇದ್ದ ಹಾಗೆ. ಅಬ್ಸಿಡಿಯನ್‌ನಲ್ಲಿ ಅದು ತಾನಾಗೇ ಬರಲ್ಲ, ಬೇಕಾದೋರು ಪ್ಲಗಿನ್ (ಆಪ್ ಜೊತೆ ಬೇರೆಯಾಗಿ ಸೇರಿಸ್ಕೊಳ್ಳೋ ಸೌಕರ್ಯ) ಹಾಕ್ಕೋಬಹುದು, ಹಾಕ್ಕೋಬೇಡಿ ಅಂತ ನನ್ನ ಸಲಹೆ. ಆ ನಂಬರ್ ಒಂದು ದಿನ ಸೊನ್ನೆ ಆದ್ರೆ ಮನಸ್ಸು ಎಷ್ಟು ಕುಸಿಯತ್ತೆ ಅಂದ್ರೆ ಅಲ್ಲಿಗೆ ಬಿಟ್ಟೇಬಿಡ್ತಾರೆ, ಅಂಥೋರನ್ನ ನೋಡಿದೀನಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತೆ ಅವರ ಜೊತೆಗಾರರು ಇದರ ಬಗ್ಗೆ ಒಂದು ಅಧ್ಯಯನ ಮಾಡಿದ್ರು, 2010ರಲ್ಲಿ ಅಚ್ಚಾಗಿದ್ದು. 96 ಜನ, 12 ವಾರ, ಒಬ್ಬೊಬ್ಬರೂ ಊಟ, ಕುಡಿಯೋದು, ವ್ಯಾಯಾಮ ಇಂಥದ್ದರಲ್ಲಿ ಒಂದು ಹೊಸ ಅಭ್ಯಾಸ ಆರಿಸ್ಕೊಂಡು ದಿನಾ ಅದೇ ಸಂದರ್ಭದಲ್ಲಿ ಮಾಡ್ಬೇಕು. ಅದು ತಾನಾಗೇ ನಡೆಯೋ ಅಭ್ಯಾಸ ಆಗೋಕೆ ಸರಾಸರಿ 66 ದಿನ ಬೇಕಾಯ್ತು, ಕೆಲವರಿಗೆ 18 ದಿನ, ಕೆಲವರಿಗೆ ಲೆಕ್ಕ ಹಾಕಿದ್ರೆ 254 ದಿನ. ಎಲ್ಲಾ ಕಡೆ ಹೇಳೋ 21 ದಿನ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಮಧ್ಯೆ ಒಂದು ದಿನ ತಪ್ಪಿದ್ರೆ ಅಭ್ಯಾಸ ಬೆಳೆಯೋದಕ್ಕೆ ಹೇಳ್ಕೊಳ್ಳೋವಂಥ ತೊಂದರೆ ಏನೂ ಆಗ್ಲಿಲ್ಲ. ಅಧ್ಯಯನ ಬರವಣಿಗೆ ಮೇಲೆ ಅಲ್ಲ, ಆದ್ರೂ ಅದೇ ಸಂದರ್ಭದಲ್ಲಿ ಮಾಡೋದು ಅನ್ನೋ ಮಾತು ನಮಗೂ ಉಪಯೋಗಕ್ಕೆ ಬರತ್ತೆ. ಬೆಳಿಗ್ಗೆ ಆರಕ್ಕೆ ಬರೀತೀನಿ ಅನ್ನೋದಕ್ಕಿಂತ ಬಸ್ಸಲ್ಲಿ ಸೀಟ್ ಸಿಕ್ಕ ಕೂಡ್ಲೇ, ಊಟ ಆಗಿ ಕೈ ತೊಳೆದ ಕೂಡ್ಲೇ ಅಂತ ಇಟ್ಕೊಂಡ್ರೆ ಗಟ್ಟಿಯಾಗಿ ನಿಲ್ಲತ್ತೆ.

ದಿನಕ್ಕೆ ಇಷ್ಟು ಪದ ಅಂತ ಗುರಿ ಇಟ್ಕೊಳ್ಳೋರೂ ಇದ್ದಾರೆ. ಅಮೆರಿಕದಲ್ಲಿ 1999ರಲ್ಲಿ ಶುರುವಾದ ನವೆಂಬರ್ ಕಾದಂಬರಿ ಸವಾಲು ನ್ಯಾನೋರೈಮೋದಲ್ಲಿ 30 ದಿನಕ್ಕೆ 50,000 ಪದ, ಅಂದ್ರೆ ದಿನಕ್ಕೆ 1,667 ಬರೀಬೇಕಿತ್ತು. ಕನ್ನಡದಲ್ಲಿ ಬರೆಯೋರು ದಯವಿಟ್ಟು ಆ ಲೆಕ್ಕ ತಗೋಬೇಡಿ. ಇಂಗ್ಲಿಷಲ್ಲಿ ನಾಕೈದು ಪದ ಆಗೋದು ನಮ್ಮಲ್ಲಿ "ಬರೀಬೇಕಾಗಿತ್ತಂತೆ" ಅಂತ ಒಂದೇ ಪದದಲ್ಲಿ ಮುಗಿದು ಹೋಗತ್ತೆ, ಅದೇ ಸಂಖ್ಯೆ ಮುಟ್ಟೋಕೆ ಹೋದ್ರೆ ನಾವು ಎಷ್ಟೋ ಹೆಚ್ಚು ಬರೀಬೇಕಾಗತ್ತೆ, ಎರಡನೇ ವಾರಕ್ಕೇ ಸುಸ್ತು. ಐದು ಸಾಲು ಅಂತ ಇಟ್ಕೊಳ್ಳಿ, ಉಕ್ಕಿ ಬಂದ ದಿನ ಐವತ್ತು ಸಾಲು ಬರೀರಿ.

ಪೋಸ್ಟ್ ಮಾಡೋವಾಗ ಏನು ಮಾಡ್ತೀನಿ ಅಂದ್ರೆ, ವಾರಕ್ಕೊಂದ್ಸಲ ಆ ವಾರದ ದಿನದ ನೋಟುಗಳನ್ನೆಲ್ಲಾ ಓದ್ತೀನಿ, ಮಾತಾಡ್ತಿದೆ ಅನ್ಸಿದ್ದನ್ನ ಎತ್ತಿ ಬೇರೆ ನೋಟ್ ಮಾಡಿ "ಬೆಳೀತಿರೋದು" ಅನ್ನೋ ಫೋಲ್ಡರಿಗೆ ಹಾಕ್ತೀನಿ, ಅಲ್ಲಿ ತಿದ್ದಿ ಮುಗಿದ ಮೇಲೆ ಕಾಪಿ ಮಾಡಿ ಪೋಸ್ಟ್, ಆಮೇಲೆ ಆ ಫೈಲನ್ನ "ಹಾಕಿದ್ದು" ಫೋಲ್ಡರಿಗೆ ಸರಿಸ್ತೀನಿ. ದಿನಾ ಪೋಸ್ಟ್ ಮಾಡಬೇಕು ಅನ್ನೋರು ವಾರದ ಕೊನೇಲಿ ಹೀಗೆ ಆರೇಳು ಎತ್ತಿಟ್ಕೊಂಡು ದಿನಕ್ಕೊಂದರ ಹಾಗೆ ಬಿಡಬಹುದು, ಅವತ್ತು ಬರೆದಿದ್ದು ಅವತ್ತೇ ಹಾಕಬೇಕು ಅಂತ ಏನಿದೆ. ಒಂದು ವಿಷಯ ನೆನಪಿಡಿ, ಅಬ್ಸಿಡಿಯನ್‌ನಲ್ಲಿ ದಪ್ಪಕ್ಷರ ಮಾಡೋಕೆ ಪದದ ಆಚೀಚೆ ಎರಡೆರಡು ನಕ್ಷತ್ರ ಚಿಹ್ನೆ ಹಾಕ್ತೀವಿ, ಅದನ್ನ ಹಾಗೇ ಫೇಸ್‌ಬುಕ್ ಪೋಸ್ಟಿಗೆ ಅಂಟಿಸಿದ್ರೆ ನಕ್ಷತ್ರಗಳೂ ಹಾಗೇ ಕಾಣತ್ತೆ, ಲಿಂಕಿನ ಬ್ರಾಕೆಟ್ಟೂ ಅಷ್ಟೆ. ಹಾಕೋಕೆ ಅಂತ ಬರೆಯೋದರಲ್ಲಿ ಅವೆರಡನ್ನೂ ಬಳಸದೇ ಇದ್ರೆ ತಲೆನೋವಿಲ್ಲ.

ಉದ್ದದ ಮಿತಿಯೂ ಗೊತ್ತಿರಲಿ. ಇನ್‌ಸ್ಟಾಗ್ರಾಮ್ ಕ್ಯಾಪ್ಷನ್‌ಗೆ 2,200 ಅಕ್ಷರ, ಎಕ್ಸ್‌ನಲ್ಲಿ ದುಡ್ಡು ಕೊಡದೋರಿಗೆ 280. ಇದು ನಾವು ಎಣಿಸೋ ಅಕ್ಷರ ಅಲ್ಲ, ಗುಣಿತ, ಹಲಂತ ಎಲ್ಲವನ್ನೂ ಬೇರೆ ಬೇರೆ ಎಣಿಸ್ತಾರೆ, "ಸ್ತ್ರೀ" ಅನ್ನೋದು ನಮಗೆ ಒಂದಕ್ಷರ, ಅಲ್ಲಿ ಆರು. ಹಾಗಾಗಿ ಎಕ್ಸ್‌ಗೆ ಬರೆಯೋದು ಬಹಳ ಬೇಗ ತುಂಬಿಹೋಗತ್ತೆ. ಕಂಪ್ಯೂಟರಲ್ಲಿ ಅಬ್ಸಿಡಿಯನ್‌ನ ಕೆಳಗಡೆ ಮೂಲೇಲಿ ಪದ, ಅಕ್ಷರ ಎಣಿಕೆ ತೋರಿಸ್ತಾ ಇರತ್ತೆ, ಮುಗಿಸೋ ಮೊದಲು ಅಲ್ಲೊಂದು ಕಣ್ಣಿಟ್ರೆ ಒಂದು ಅಂದಾಜು ಸಿಗತ್ತೆ.

ಈಗ ಫೈಲ್ ವಿಷಯ, ಆಗಲೇ ಹೇಳ್ತೀನಿ ಅಂದಿದ್ದು. ನಾವು ಬರೆದಿದ್ದೆಲ್ಲಾ ಬೇರೆಯೋರ ಮನೇಲಿ ಇಡ್ತಾ ಬಂದೋರು. ಆರ್ಕುಟ್ 2014ರ ಸೆಪ್ಟೆಂಬರಲ್ಲಿ ಮುಚ್ತು, ಗೂಗಲ್ ಪ್ಲಸ್ 2019ರ ಏಪ್ರಿಲಲ್ಲಿ. ಕೂ ಅಂತೂ ನಮ್ಮ ಬೆಂಗಳೂರಿಂದಲೇ ಬಂದಿದ್ದು, 2020ರಲ್ಲಿ ಮೊದಲು ಶುರುವಾಗಿದ್ದೇ ಕನ್ನಡದಲ್ಲಿ, ಎಷ್ಟೋ ಜನ ಕನ್ನಡದೋರು ಅಲ್ಲಿ ದಿನಾ ಬರೀತಿದ್ರು, 2024ರ ಜುಲೈನಲ್ಲಿ ಅದೂ ನಿಂತೋಯ್ತು. ಮೇಲೆ ಹೇಳಿದ ನ್ಯಾನೋರೈಮೋ ಸಂಸ್ಥೆ ಕೂಡಾ 2025ರಲ್ಲಿ ಮುಚ್ತೀವಿ ಅಂತ ಹೇಳ್ತು. ನುಡಿ, ಬರಹ ಅನ್ನೋ ಟೈಪಿಂಗ್ ತಂತ್ರಾಂಶಗಳ ಕಾಲದ ಹಳೇ ಫಾಂಟಲ್ಲಿ ಟೈಪ್ ಮಾಡಿದ ಫೈಲುಗಳ ಕಥೆ ನಿಮಗೆ ಗೊತ್ತೇ ಇದೆ, ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ, ಕನ್ವರ್ಟರ್ ಹಾಕಿ ಯೂನಿಕೋಡ್‌ಗೆ ತಂದು ಒತ್ತಕ್ಷರ ತಿದ್ದಬೇಕು. ಇದನ್ನೆಲ್ಲಾ ನೋಡಿದ ಕನ್ನಡದೋರಿಗೆ ಸಾದಾ ಟೆಕ್ಸ್ಟ್, ಯೂನಿಕೋಡ್, ನಮ್ಮದೇ ಫೋಲ್ಡರ್ ಅನ್ನೋದರ ಬೆಲೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಾಗಬೇಕು. ಅಬ್ಸಿಡಿಯನ್‌ನ ಸಿಇಓ ಸ್ಟೆಫ್ ಆಂಗೊ ಕೂಡಾ ಆಪ್‌ಗಿಂತ ಫೈಲ್ ಮುಖ್ಯ ಅನ್ನೋದನ್ನ ಮತ್ತೆ ಮತ್ತೆ ಹೇಳ್ತಾರೆ, ಆಪ್ ಮಾಡೋರೇ ಹಾಗೆ ಹೇಳೋದು ಅಪರೂಪ. ನಾಳೆ ಅಬ್ಸಿಡಿಯನ್ ಮುಚ್ಚಿದ್ರೂ ಆರಿದ್ರಾ ಮಳೆಯ ಸಾಲುಗಳು ನನ್ನ ಫೋಲ್ಡರಲ್ಲಿ ಇದ್ದೇ ಇರತ್ತೆ. ಅಂದ ಹಾಗೆ ನೀವು ಇಷ್ಟು ವರ್ಷ ಫೇಸ್‌ಬುಕ್ಕಲ್ಲಿ ಬರೆದಿದ್ದನ್ನೂ ಅವರ ಸೆಟ್ಟಿಂಗ್ಸಿಂದ ಡೌನ್‌ಲೋಡ್ ಮಾಡ್ಕೋಬಹುದು, ಎಚ್‌ಟಿಎಂಎಲ್ ಅಂತ ಆರಿಸಿ, ಬ್ರೌಸರಲ್ಲೇ ತೆರೆದು ಓದಬಹುದು.

ಇನ್ನು ಆ ಅರ್ಧ ಮಾರ್ಕು. ಮೊದಲನೇದು ಸಿಂಕ್. ಫೋನಲ್ಲಿ ಬರೆದಿದ್ದು ಲ್ಯಾಪ್‌ಟಾಪಲ್ಲೂ ಬರಬೇಕು ಅಂದ್ರೆ ಅವರ ಸಿಂಕ್ ಸೇವೆಗೆ ತಿಂಗಳಿಗೆ 4 ಡಾಲರ್, ಅದೂ ವರ್ಷದ್ದು ಒಟ್ಟಿಗೆ ಕಟ್ಟಿದ್ರೆ. ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇದೆ, ಅಂದ್ರೆ ನಾವು ಬರೆದಿದ್ದು ಅವರಿಗೂ ಓದೋಕಾಗಲ್ಲ, ಹಳೇ ಆವೃತ್ತಿಗಳನ್ನೂ ಇಡ್ತಾರೆ, ಸೇವೆ ಒಳ್ಳೇದೇ, ಆದ್ರೆ ಲೈಕು ಬಿಟ್ಟು ಬೇರೇನೂ ಸಿಗದ ಬರವಣಿಗೆಗೆ ವರ್ಷಕ್ಕೆ ನಾಕು ಸಾವಿರ ರೂಪಾಯಿ ಮೇಲೆ ಅಂದ್ರೆ ನಮ್ಮ ಕಡೆ ಜಾಸ್ತಿನೇ. ಸಿಂಕ್‌ಥಿಂಗ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಮನೆ ವೈಫೈ ಮೇಲೇ ಫೋಲ್ಡರ್ ಸಿಂಕ್ ಮಾಡ್ಕೋಬಹುದು, ಒಂದು ಸಲ ಕೂತು ಹೊಂದಿಸೋ ತಾಳ್ಮೆ ಬೇಕು, ಗೊತ್ತಿರೋ ಹುಡುಗರ ಹತ್ರ ಮಾಡಿಸ್ಕೊಳ್ಳಿ. ಐಫೋನ್‌ನೋರಿಗೆ ಐಕ್ಲೌಡ್ ಇದೆ. ಎರಡನೇದು ಪ್ಲಗಿನ್‌ಗಳು. ಸಾವಿರಗಟ್ಟಲೆ ಇದೆ, ಬೇರೆ ಬೇರೆಯೋರು ಮಾಡಿ ಬಿಟ್ಟಿರೋದು, ಒಂದೊಂದೂ ಚೆನ್ನಾಗಿ ಕಾಣತ್ತೆ, ಹಾಕ್ತಾ ಹೋದ್ರೆ ಸಾಮಾನ್ಯ ಫೋನಲ್ಲಿ ಆಪ್ ತೆರೆಯೋದು ನಿಧಾನ ಆಗತ್ತೆ, ಬರೆಯೋ ಹೊತ್ತು ಸೆಟ್ಟಿಂಗ್ ಮಾಡೋದರಲ್ಲೇ ಕಳೆಯತ್ತೆ. ನಾನು ಕ್ಯಾಲೆಂಡರ್ ಅನ್ನೋದು ಒಂದೇ ಇಟ್ಕೊಂಡಿರೋದು, ತಾರೀಖು ಒತ್ತಿದ್ರೆ ಆ ದಿನದ ನೋಟ್ ತೆರೆಯತ್ತೆ. ಮೂರನೇದು, ಇದು ಫ್ರೀ ಆದ್ರೂ ಓಪನ್ ಸೋರ್ಸ್ ಅಲ್ಲ, ಅಂದ್ರೆ ಆಪ್‌ನ ಕೋಡ್ ಎಲ್ಲರಿಗೂ ನೋಡೋಕೆ ಬಿಟ್ಟಿಲ್ಲ, ಅದು ಬೇಕೇ ಬೇಕು ಅನ್ನೋರಿಗೆ ಜಾಪ್ಲಿನ್ ಇದೆ, ಡ್ರಾಪ್‌ಬಾಕ್ಸ್, ಒನ್‌ಡ್ರೈವ್ ಮೂಲಕ ದುಡ್ಡಿಲ್ಲದೇ ಸಿಂಕ್ ಆಗತ್ತೆ, ಅದೂ ಒಳ್ಳೇ ಆಪ್. ಅಮ್ಮ, ಅತ್ತೆ, ಅಜ್ಜಂದಿರಿಗೆ ಬರೆಯೋ ಆಸೆ ಇದ್ರೆ ಇದನ್ನ ಕೊಡಬೇಡಿ, ಅವರ ಫೋನಲ್ಲಿ ಆಗ್ಲೇ ಇರೋ ನೋಟ್ಸ್ ಆಪಲ್ಲಿ ಮಾತಾಡಿ ಬರೆಸೋದು ತೋರಿಸಿಕೊಟ್ರೆ ಸಾಕು, ಫೋಲ್ಡರ್ ಲಿಂಕ್ ಅಂತ ಅವರನ್ನ ಸುಸ್ತು ಮಾಡೋದು ಬೇಡ.

ಪಬ್ಲಿಷ್ ಅಂತ ಇನ್ನೊಂದು ಸೇವೆ ಇದೆ, ನೋಟುಗಳನ್ನ ನೇರವಾಗಿ ವೆಬ್‌ಸೈಟ್ ಮಾಡಿಕೊಡತ್ತೆ, ತಿಂಗಳಿಗೆ 8 ಡಾಲರಿಂದ ಶುರು. ಫೇಸ್‌ಬುಕ್ಕಲ್ಲೋ ಇನ್‌ಸ್ಟಾದಲ್ಲೋ ಹಾಕೋರಿಗೆ ಅದು ಬೇಕಿಲ್ಲ, ತಗೋಬೇಡಿ. ಹೊಸದಾಗಿ ಹಾಕ್ಕೊಳ್ಳೋರಿಗೆ ಕೊನೇದಾಗಿ ಒಂದು, ಆಂಡ್ರಾಯ್ಡ್ ಫೋನಲ್ಲಿ ಮೊದಲ ಸಲ ವಾಲ್ಟ್ ಮಾಡೋವಾಗ ಎಲ್ಲಿ ಇಡೋದು ಅಂತ ಕೇಳಿದ್ರೆ ಡಿವೈಸ್ ಸ್ಟೋರೇಜ್ ಅಂತಲೇ ಕೊಡಿ, ಆಪ್ ಸ್ಟೋರೇಜ್ ಅಂತ ಕೊಟ್ರೆ ಯಾವತ್ತಾದ್ರೂ ಆಪ್ ತೆಗೆದು ಹಾಕಿದಾಗ ಅದರ ಜೊತೆ ಬರೆದಿದ್ದೂ ಹೋಗಿಬಿಡತ್ತೆ. ಆಮೇಲೆ ತಿಂಗಳಿಗೊಂದ್ಸಲ ಆ ಫೋಲ್ಡರನ್ನ ಹಾಗೇ ಪೂರ್ತಿ ಕಾಪಿ ಮಾಡಿ ಪೆನ್‌ಡ್ರೈವಿಗೆ ಹಾಕಿಡಿ, ಬರೀ ಟೆಕ್ಸ್ಟ್ ಆಗಿರೋದ್ರಿಂದ ಎಷ್ಟು ವರ್ಷದ ಬರಹ ಆದ್ರೂ ಜಾಗ ಜಾಸ್ತಿ ತಿನ್ನಲ್ಲ.